ಗೂಡಿನವನ ಮೇಲೊಂದು ದೂರು

11-2-2017

ಸೂಜಿ,

ಫೋನ್ ಮಾಡಿದರೆ ನೀನು ಕೇಳಿಸದ ಕಿವಿಗೇ ಹಿಡಿದು "ಯಾರೂ ಮಾತಾಡ್ತಾನೇ ಇಲ್ಲ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಿನ್ನಕ್ಕ ಇದ್ದಾಗ ತಂಗಿಗೆ ಬರೆಯುವ ಖಾತೆ ಅವಳದಾಗಿತ್ತು, ಈಗ ಅದೂ ನನ್ನ ತಲೆಗೆ ಬಂದಿದೆ. ಅವಳು ಏನು ಬರೆಯುತ್ತಿದ್ದಳೋ ನಾನರಿಯೆ. ನನ್ನ ಬಗ್ಗೆಯೇ ಇರಬೇಕು. ನೀನು ಪ್ರತಿ ಸಲ ಬಂದಾಗಲೂ ನನ್ನನ್ನು ಒಂದು ಥರ ನೋಡುತ್ತಿದ್ದೆ.

ಆಟದ ಮೈದಾನದಾಚೆಯ ಗುಂಡಿ ನೋಡಿ "ಕೆರೆ ತೋಡ್ತಿದಾರಾ ಭಾವ?" ಎಂದು ಕೇಳಿದ್ದೆಯಲ್ಲ, ಅದು ಈಗ ಗುಂಡಿಯಲ್ಲ. ನಮ್ಮ ನಾಲ್ಕನೆಯ ಮಹಡಿಯನ್ನು ದಾಟಿ ಮೇಲೆ ಹೊರಟಿದೆ. ಅರವತ್ತು ಮಹಡಿಯಂತೆ. ಬೇಲಿಯ ತಗಡಿನ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಮೋಡದ ಪಕ್ಕದ ಮನೆ' ಎಂದು ಬರೆಸಿದ್ದಾರೆ. ಮೋಡದ ಪಕ್ಕ ಮನೆ ಮಾಡಿ ಏನು ಮಾಡುತ್ತಾರೆ, ಒಂದು ಲೋಟ ಸಕ್ಕರೆ ಕೊಡಿ ಎಂದು ಮೋಡದ ಬಾಗಿಲು ತಟ್ಟುತ್ತಾರೆಯೇ? ನಮ್ಮ ಕೆಳಮನೆಯ ಹಲ್ಲಿನ ಡಾಕ್ಟರು ಅದರಲ್ಲೊಂದು ಮನೆ ಬುಕ್ ಮಾಡಿದ್ದಾರೆ. ಇನ್ನೂ ಹುಟ್ಟದ ಮನೆ. ಬೆಳಿಗ್ಗೆ ನನ್ನ ಬಾಲ್ಕನಿಗೆ ಬಂದು ಖಾಲಿ ಆಕಾಶಕ್ಕೆ ಬೆರಳು ತೋರಿಸಿ "ಅಲ್ಲಿ ಬರುತ್ತೆ ನಮ್ಮ ಅಡುಗೆಮನೆ" ಅನ್ನುತ್ತಾರೆ. "ಹೌದು, ಹಾಲು ಉಕ್ತಾ ಇದೆ, ಬೇಗ ಹೋಗಿ ಒಲೆ ಆರಿಸಿ" ಅಂದೆ. ಆವತ್ತಿನಿಂದ ಬಂದಿಲ್ಲ.

ಮಗಳು ಅಲ್ಲೇ ಕೆಲಸಕ್ಕಿದ್ದಾಳೆಂಬುದು ನಿನಗೆ ಗೊತ್ತು. ಯಾರಾದರೂ ಕೇಳಿದರೆ ನಾನು 'ಕ್ವಾಲಿಟಿ ಕಂಟ್ರೋಲ್' ಎಂದಷ್ಟೇ ಹೇಳಿ ಮಾತು ತಿರುಗಿಸುತ್ತೇನೆ. ಕೆಲಸ ಏನೆಂದರೆ, ಕಾಂಕ್ರೀಟನ್ನು ಡಬ್ಬಿಯಂಥ ಅಚ್ಚಿಗೆ ಹುಯ್ದು, ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆಯುವುದು. ಸುಲಭಕ್ಕೆ ಒಡೆದರೆ ಕೆಲಸ ನಿಲ್ಲಿಸಬೇಕು, ಒಡೆಯದೆ ಹಟ ಮಾಡಿದರೆ ಮೇಲಿನ ಮಹಡಿ ಶುರು ಮಾಡಬಹುದು. ಇದನ್ನು ವಾಕಿಟಾಕಿಯಲ್ಲಿ ಮೇಲಿನವರಿಗೆ ಕೂಗಿ ಹೇಳುವುದು. ಕಲ್ಲು ಒಡೆಯುವುದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತೇ?

ಮದುವೆಯ ಮಾತೆತ್ತಿದರೆ "ಟವರ್ ಮುಗೀಲಿ ಅಪ್ಪ" ಅನ್ನುತ್ತಾಳೆ. ಔಷಧಿ ಅಂಗಡಿಯವರ ಮಗನನ್ನು ಬೇಡವೆಂದಳು. ಕಾಲೇಜು ಮೇಷ್ಟರನ್ನೂ ಬೇಡವೆಂದಳು. ಮೂವತ್ತೊಂದು ತುಂಬಿತು. ನಾನು ಕಣ್ಣು ಮುಚ್ಚುವುದರೊಳಗೆ ಅವಳನ್ನು ಒಂದು ಮರ್ಯಾದಸ್ಥ ಮನೆಗೆ ಸೇರಿಸಬೇಕು, ಬೇರೆ ಏನೂ ಬೇಕಾಗಿಲ್ಲ ನನಗೆ. ದಟ್ಸ್ ಆಲ್. ಅದಕ್ಕೂ ಈ ಕಟ್ಟಡ ಅಡ್ಡ ನಿಂತಿದೆ.

ಮೇಲೊಂದು ಹಳದಿ ಕ್ರೇನ್ ಇದೆ. ಅದರ ಕುತ್ತಿಗೆಗೆ ಗಾಜಿನ ಗೂಡು ಕಟ್ಟಿದ್ದಾರೆ. ಒಬ್ಬ ಆಸಾಮಿ ಬೆಳಿಗ್ಗೆ ಏಣಿ ಹತ್ತಿ ಅದರೊಳಗೆ ಕೂತರೆ ಸಂಜೆಯವರೆಗೆ ಇಳಿಯುವುದೇ ಇಲ್ಲ. ಊರಿಗೆಲ್ಲ ಬೆನ್ನು ಹಾಕಿ, ರಾಜನ ಹಾಗೆ. ನೋಡಿದರೆ ಮೈ ಉರಿಯುತ್ತದೆ.

ಔಷಧಿ ಸರಿಯಾಗಿ ತಗೋ.

ನಿನ್ನ ಭಾವ

2-3-2017

ಭಾವ,

ಕಾಗದ ಬಂತು. ಅಕ್ಷರ ಗುಂಡಗೆ ಚೆನ್ನಾಗಿದೆ. ಹೊಟ್ಟೆಕಿಚ್ಚೂ ಗುಂಡಗಿದೆ.

ಅಕ್ಕ ನಿಮ್ಮ ಬಗ್ಗೆ ಏನೂ ಬರೆಯುತ್ತಿರಲಿಲ್ಲ, ನೀವು ಅಷ್ಟು ದೊಡ್ಡ ವಿಷಯ ಎಂದುಕೊಳ್ಳಬೇಡಿ. ಸೀರೆ, ಹಲ್ಲುನೋವು, ಮಗಳ ಪರೀಕ್ಷೆ, ಇಷ್ಟೇ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಅವಳು ತಾನೇ ಒಬ್ಬನನ್ನು ಆರಿಸಿಕೊಂಡರೆ ಏನು ಮಾಡುತ್ತೀರಿ? ಯೋಚಿಸಿ ಬರೆಯಿರಿ, ಬಾಯಿಗೆ ಬಂದದ್ದನ್ನಲ್ಲ.

ಇನ್ನೊಂದು. ಆ ಗೂಡಿನಲ್ಲಿ ಕೂರುವವನ ಬಗ್ಗೆ ಬರೆಯಿರಿ. ಮನುಷ್ಯ ಹೇಗೆ, ಕೆಲಸದಲ್ಲಿ ಹೇಗೆ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನೆಲ ನೋಡಿಕೊಂಡು ಓಡಾಡಿದ ನರ್ಸ್ ನಾನು, ಎತ್ತರದ ಕೆಲಸದವರ ಮೇಲೆ ನನಗೆ ಕುತೂಹಲ.

ಸೂಜಿ

20-6-2017

ಸೂಜಿ,

ಉತ್ತರ ತಡವಾಯಿತು. ಧೂಳಿಗೆ ಕೆಮ್ಮು. ಸ್ನಾನ ಮಾಡಿ ಬಂದರೆ ಟವೆಲಿನಲ್ಲೇ ಸಿಮೆಂಟು. ಹೀಗೇ ಆದರೆ ನಾನೂ ಒಂದು ದಿನ ಗಟ್ಟಿಯಾಗಿ ನಿಂತುಬಿಡುತ್ತೇನೆ, ಮಗಳು ಬಂದು ಯಂತ್ರದಲ್ಲಿಟ್ಟು ಒತ್ತಿ ನೋಡಲಿ.

ಮೇ ತಿಂಗಳಲ್ಲಿ ಟ್ರೈನಿಂಗ್ ಎಂದು ನಿಮ್ಮ ಕಡೆ ಬಂದವಳು ನಿನ್ನ ಮನೆಯಲ್ಲೂ ಎರಡು ದಿನ ಇದ್ದಳಂತೆ. ಏನು ತಿನ್ನಿಸಿ ಕಳಿಸಿದೆಯೋ, ಒಂದು ವಾರ ಸುಮ್ಮಸುಮ್ಮನೆ ನಗುತ್ತಿದ್ದಳು. ಟ್ರೈನಿಂಗಿನಲ್ಲಿ ಏನು ಕಲಿತೆ ಎಂದು ಕೇಳಿದರೆ "ಚಹಾ ಚೆನ್ನಾಗಿರಲಿಲ್ಲ ಅಂತ ಮುಖದ ಮೇಲೆ ಹೇಳೋದು" ಅಂದಳು. ನಿನ್ನ ಸಹವಾಸ.

ನಿನ್ನ ಮೊದಲ ಪ್ರಶ್ನೆ. ತಾನೇ ಆರಿಸಿಕೊಂಡರೆ? ಆರಿಸಿಕೊಳ್ಳಲಿ. ಐ ಯಾಮ್ ಎ ಬ್ರಾಡ್‌ಮೈಂಡೆಡ್ ಮ್ಯಾನ್. ಡಾಕ್ಟರೋ, ಲೆಕ್ಚರರೋ, ಬೇರೆ ದಾರಿಯೇ ಇಲ್ಲದಿದ್ದರೆ ಒಬ್ಬ ಬ್ಯಾಂಕಿನವನೋ, ಯಾರಾದರೂ ನಡೆದೀತು. ನಾನೇನು ಹಳೆಯ ಕಾಲದವನೇ?

ಎರಡನೆಯದು. ಗೂಡಿನವನು. ನೀನು ಕೇಳಿದೆಯೆಂದೇ, ನನ್ನ ಕನ್ನಡಕದ ಅಂಗಡಿ ಮುಚ್ಚಿದಾಗ ಉಳಿದಿದ್ದ ದುರ್ಬೀನನ್ನು ಹೊರತೆಗೆದೆ. ಈಗ ಅವನು ಇಪ್ಪತ್ತನೆಯ ಮಹಡಿಗೂ ಮೇಲಿದ್ದಾನೆ, ಆದರೂ ನನ್ನ ದುರ್ಬೀನಿಗೆ ಅದು ಲೆಕ್ಕವಲ್ಲ. ದಪ್ಪ ಕತ್ತು. ನಾಲ್ಕು ದಿನದ ಗಡ್ಡ. ಬಾಯಿ ಯಾವಾಗಲೂ ಆಡುತ್ತಿರುತ್ತದೆ, ಅಗಿಯುತ್ತಾನೋ ವಾಕಿಟಾಕಿಯಲ್ಲಿ ಹರಟುತ್ತಾನೋ ದೇವರೇ ಬಲ್ಲ. ಒಮ್ಮೊಮ್ಮೆ ಒಬ್ಬನೇ ನಗುತ್ತಾನೆ. ಎಂಟನೆಯ ತರಗತಿ ಮೀರಿ ಓದಿದ ಮುಖವಲ್ಲ.

ಅದು ಹಾಗಿರಲಿ. ಮುಖ್ಯ ವಿಷಯ ಬೇರೆ. ಮಧ್ಯಾಹ್ನದ ಹೊತ್ತಿಗೆ ಸೀಟಿನ ಕೆಳಗಿನಿಂದ ಒಂದು ಹಸಿರು ಬಾಟಲಿ ತೆಗೆಯುತ್ತಾನೆ. ಎದ್ದು ನಿಂತು, ಊರಿಗೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ತುಸು ಹೊತ್ತು ಅಲುಗಾಡದೆ ನಿಂತಿರುತ್ತಾನೆ. ಆಮೇಲೆ ಬಾಟಲಿಯ ಮುಚ್ಚಳ ಬಿಗಿದು ಮತ್ತೆ ಕೆಳಗಿಡುತ್ತಾನೆ. ತಿರುಗಿದಾಗ ಮುಖದಲ್ಲಿ ಎಂಥ ಶಾಂತಿ ಅಂತೀಯ! ಸಂಜೆಯೊಳಗೆ ಮತ್ತೊಮ್ಮೆ ಇದೇ ಆಟ. ಕದ್ದು ಕುಡಿಯುವವರನ್ನು ನಾನು ಕಂಡಿದ್ದೇನೆ, ನನ್ನ ಅಂಗಡಿಯ ಎದುರೇ ಬಾರ್ ಇತ್ತು.

ಅವನ ಕೊಕ್ಕೆಯ ಕೆಳಗೆ ನನ್ನ ಮಗಳು ಓಡಾಡುತ್ತಾಳೆ, ಸೂಜಿ. ಐ ಶಲ್ ಡು ದಿ ನೀಡ್‌ಫುಲ್.

ನಿನ್ನ ಭಾವ

4-7-2017

ಸೂಜಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ಏಕೆಂದರೆ ಮನಸ್ಸು ಹಗುರಾಗಿದೆ. ದೂರು ಕಳಿಸಿಬಿಟ್ಟೆ. ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ, ಇಂಗ್ಲಿಷಿನಲ್ಲಿ. 'ಐ, ದಿ ಅಂಡರ್‌ಸೈನ್ಡ್' ಎಂದು ಶುರು ಮಾಡಿ, ನಿಮ್ಮ ಕ್ರೇನಿನವನು ಹಗಲು ಹೊತ್ತಿನಲ್ಲೇ 'ಇನೀಬ್ರಿಯೇಟೆಡ್' ಆಗಿರುತ್ತಾನೆ, ನೂರಾರು ಜನರ ತಲೆಯ ಮೇಲೆ ಕಬ್ಬಿಣ ತೂಗಾಡಿಸುತ್ತಾನೆ ಎಂದು ಖಂಡಿಸಿ ಬರೆದೆ. ಆ ಶಬ್ದ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು.

ಹೆಸರಿಲ್ಲದ ಅರ್ಜಿ ಬರೆಯುವ ಹೇಡಿ ನಾನಲ್ಲ. ಕೆಳಗೆ ಹೆಸರು, ವಿಳಾಸ, ಸಹಿ, 'ನಲವತ್ತು ವರ್ಷ ಜನರ ದೃಷ್ಟಿ ತಿದ್ದಿದವನು' ಎಂಬ ಒಂದು ಸಾಲು. ಮಗಳಿಗೆ ಹೇಳಿಲ್ಲ. ಅವಳಿಗೆ ಇದರ ಬೆಲೆ ಆಮೇಲೆ ತಿಳಿಯುತ್ತದೆ.

ನಿನ್ನಕ್ಕ ಇದ್ದಿದ್ದರೆ "ಇದು ನಿಮಗೆ ಬೇಕಿತ್ತಾ?" ಅನ್ನುತ್ತಿದ್ದಳು. ಹೌದು, ಬೇಕಿತ್ತು.

ನಿನ್ನ ಭಾವ

6-7-2017

ಭಾವ,

ಜೂನ್ ಇಪ್ಪತ್ತರ ಕಾಗದ ಈಗ ಕೈ ಸೇರಿತು. ಓದಿದ ಕೂಡಲೇ ಬರೆಯುತ್ತಿದ್ದೇನೆ. ದುರ್ಬೀನು ಕೆಳಗಿಡಿ. ಏನೋ ಮಾಡುತ್ತೇನೆ ಎಂದಿದ್ದೀರಲ್ಲ, ಅದನ್ನು ಮಾಡಬೇಡಿ.

ಬೆನ್ನು ತಿರುಗಿಸಿ, ತಲೆ ತಗ್ಗಿಸಿ, ಬಾಟಲಿ ಹಿಡಿದು ಅಲುಗಾಡದೆ ನಿಲ್ಲುತ್ತಾನೆ ಎಂದು ನೀವೇ ಬರೆದಿದ್ದೀರಿ. ಕುಡಿಯುವವನು ತಲೆ ಎತ್ತುತ್ತಾನೆ ಭಾವ. ತಲೆ ತಗ್ಗಿಸಿ ಮಾಡುವ ಕೆಲಸ ಬೇರೆ. ಬೆಳಿಗ್ಗೆ ಹತ್ತಿದವನು ಸಂಜೆಯವರೆಗೆ ಇಳಿಯುವುದಿಲ್ಲ ಎಂದು ಬರೆದವರೂ ನೀವೇ. ಮತ್ತೆ ಅವನು ಎಲ್ಲಿ ಹೋಗಬೇಕು, ನಿಮ್ಮ ಮೋಡದ ಪಕ್ಕದ ಮನೆಗಾ? ಪ್ರಪಂಚದಲ್ಲಿ ಕ್ರೇನ್ ಹತ್ತುವವರೆಲ್ಲ ಇದನ್ನೇ ಮಾಡುತ್ತಾರಂತೆ. ಅಂಥ ಬಾಟಲಿಗಳನ್ನು ನನ್ನ ಸರ್ವೀಸಿನಲ್ಲಿ ಎಷ್ಟು ಬರಿದು ಮಾಡಿದ್ದೇನೋ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಿ. ಅವನೇ ಹೇಳಿದ. ನನ್ನ ಮನೆಯಲ್ಲಿ, ಮೇ ತಿಂಗಳಲ್ಲಿ, ನನ್ನ ಕುರ್ಚಿಯಲ್ಲಿ ಕೂತು. ಟ್ರೈನಿಂಗ್ ಇರಲಿಲ್ಲ ಭಾವ. ನಿಮ್ಮ ಮಗಳು ಅವನನ್ನು ನನಗೆ ತೋರಿಸಲು ಕರೆದುಕೊಂಡು ಬಂದಿದ್ದಳು. ಚಹಾ ಚೆನ್ನಾಗಿಲ್ಲ ಎಂದು ಮುಖದ ಮೇಲೆ ಹೇಳಿದವನೂ ಅವನೇ. ಮೊದಲ ಆರು ತಿಂಗಳು ಇಬ್ಬರೂ ಮುಖ ನೋಡಿರಲಿಲ್ಲವಂತೆ. ಇವಳು ಕೆಳಗಿನಿಂದ "ಗಟ್ಟಿ ಆಗಿದೆ, ಹೋಗಬಹುದು" ಅನ್ನುವುದು, ಅವನು ಮೇಲಿನಿಂದ "ನಿಮ್ಮ ಮಾತು ನಂಬಿ ಹೋಗ್ತಿದೀನಿ" ಅನ್ನುವುದು. ಅಲ್ಲಿಂದ ಬೆಳೆದದ್ದು.

ಮನುಷ್ಯ ಒರಟ. ಸುಳ್ಳ ಅಲ್ಲ. ನಿಮಗೆ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಮುರಿದಿದ್ದೇನೆ. ಇನ್ನಾದರೂ ಅವಳನ್ನು ಕೂರಿಸಿಕೊಂಡು ಮಾತಾಡಿ.

ಸೂಜಿ

19-7-2017

ಸೂಜಿ,

ನಿನ್ನ ಕಾಗದ ಬಂದದ್ದು ಎಲ್ಲ ಮುಗಿದ ಮೇಲೆ. ನನ್ನ ನಾಲ್ಕನೆಯ ತಾರೀಕಿನ ಕಾಗದ ನಿನಗೆ ಸಿಕ್ಕಿರುತ್ತದೆ. ಎರಡೂ ದಾರಿಯಲ್ಲಿ ಎದುರುಬದುರಾಗಿ ಹೋಗಿವೆ, ಒಂದಕ್ಕೊಂದು ಗುರುತು ಹಿಡಿಯದೆ.

ಆಣೆಯಂತೆ ಆಣೆ. ಮಾರ್ಚಿನಲ್ಲೇ "ಗೂಡಿನವನ ಬಗ್ಗೆ ಬರೆಯಿರಿ" ಎಂದು ಕೆಣಕಿದವಳು ನೀನು. ದುರ್ಬೀನು ತೆಗೆಸಿದವಳು ನೀನು. ಹೆಣ್ಣು ಕೊಡುವವನಿಗೆ ವಿಷಯ ಮುಚ್ಚಿಟ್ಟು, ಅವನ ಕೈಯಲ್ಲೇ ಗಂಡಿನ ವಿಚಾರಣೆ ಮಾಡಿಸುತ್ತೀಯಲ್ಲ, ನೀನೆಂಥ ಹೆಂಗಸು?

ಕಳೆದ ಗುರುವಾರ ಸಂಜೆ ಮಗಳು ಬಂದು ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲಿಟ್ಟಳು. ಅದನ್ನು ಅಲ್ಲಿಡಬೇಡ ಎಂದು ನೂರು ಸಲ ಹೇಳಿದ್ದೇನೆ.

"ಅಪ್ಪ, ಇನೀಬ್ರಿಯೇಟೆಡ್ ಅಂದ್ರೆ ಏನು?"

"ಕುಡಿದು ಮತ್ತೇರಿದವನು ಅಂತ. ಯಾಕೆ?" ಎಂದೆ. ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಯಿಂದಲೇ ಎಂದೆ.

"ನಮ್ಮ ಮ್ಯಾನೇಜರಿಗೂ ಗೊತ್ತಿರಲಿಲ್ಲ. ಕೈಬರಹ ಸುತ್ತಿಕೊಂಡಿದೆ, ಓದೋಕಾಗಲ್ಲ, ನೀವು ಓದಿ ಅಂತ ನನ್ನ ಕೈಗೇ ಕೊಟ್ಟರು. ಗೇಟಿನ ಹತ್ತಿರ ಎಲ್ಲರನ್ನೂ ಸೇರಿಸಿ. ಅವನನ್ನೂ ಕೆಳಗಿಳಿಸಿ ನಿಲ್ಲಿಸಿದ್ದರು. ಓದಿದೆ. ಸಹಿವರೆಗೂ."

ನಾನು ಏನೋ ಹೇಳಲು ಹೋದೆ.

"ಅಕ್ಷರ ಮಾತ್ರ ಚೆನ್ನಾಗಿತ್ತು ಅಪ್ಪ" ಎಂದು ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು. ಈಗ ಲ್ಯಾಬಿನ ಇನ್ನೊಬ್ಬ ಹುಡುಗಿಯ ರೂಮಿನಲ್ಲಿದ್ದಾಳೆ.

ನಾನು ಮಾಡಿದ್ದರಲ್ಲಿ ತಪ್ಪೇನು? ಯಾರಿಗೇ ಆಗಲಿ ಅನುಮಾನ ಬರುವ ಹಾಗೆ ಅವನು ನಿಂತಿದ್ದ. ಕುಡಿಯಲಿಲ್ಲ, ಸರಿ, ಬಾಟಲಿಗೆ ಮಾಡಿದ. ಅದೇನು ಕಿರೀಟ ಇಡುವ ಸಂಗತಿಯೇ? ನನ್ನ ಮಗಳು ಔಷಧಿ ಅಂಗಡಿ ಬಿಟ್ಟು ಬಾಟಲಿಯವನನ್ನು ಹಿಡಿದಳಲ್ಲ. ಮೇಲಿಂದ ನೋಡಿದರೆ ಎಲ್ಲರೂ ಇರುವೆಯ ಹಾಗೆ ಕಾಣುತ್ತಾರೇನೋ, ಅದಕ್ಕೇ ಅವನಿಗೆ ಅಷ್ಟು ಕೊಬ್ಬು.

ಅಡುಗೆಗೆ ಯಾರೂ ಇಲ್ಲ. ಅದನ್ನು ನೀನು ಕೇಳಬೇಡ.

ಭಾವ

1-8-2017

ಭಾವ,

ಅಡುಗೆ ಕಲಿಯಿರಿ. ಒಲೆಗೆ ದುರ್ಬೀನು ಬೇಕಾಗುವುದಿಲ್ಲ.

ಕೆಣಕಿದೆ ಎಂದಿದ್ದೀರಿ. ಮಾರ್ಚಿನಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಅವಳು ಒಬ್ಬನನ್ನು ಮೆಚ್ಚಿದ್ದಾಳೆ, ಅವನು ಕ್ರೇನಿನಲ್ಲಿರುತ್ತಾನೆ. ನೀವು ದಿನಾ ನೋಡುತ್ತೀರಿ, ಒಂದು ಒಳ್ಳೆಯ ಮಾತು ಬಂದರೆ ಅದನ್ನೇ ಹಿಡಿದು ವಿಷಯ ಎತ್ತೋಣ ಎಂದುಕೊಂಡೆ. ನಿಮ್ಮಿಂದ ಒಳ್ಳೆಯ ಮಾತು ಬರುತ್ತದೆ ಎಂದುಕೊಂಡದ್ದು ನನ್ನ ತಪ್ಪು. ಒಪ್ಪಿದೆ.

ನೀವು ಮಾಡಿದ್ದರಲ್ಲಿ ತಪ್ಪೇನು ಎಂದು ಕೇಳಿದ್ದೀರಿ. ನಿಮ್ಮ ಮಗಳು ಹೇಳಿದ್ದನ್ನು ಹೇಳುತ್ತೇನೆ. ಎಲ್ಲರ ಮುಂದೆ ಅವನಿಂದ ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಊದಿಸಿದರು. ಏನೂ ಬರಲಿಲ್ಲ. ಬಾಟಲಿಯನ್ನೂ ತರಿಸಿ, ಮುಚ್ಚಳ ತೆಗೆದು, ಮೂಸಿ ನೋಡಿದರು. ಅಲ್ಲಿ ಶುರುವಾದ ನಗು ಇನ್ನೂ ನಿಂತಿಲ್ಲ. ಅವನು ಏಣಿ ಹತ್ತುವಾಗ ಕೆಳಗಿನವರು ನೀರಿನ ಬಾಟಲಿ ಎತ್ತಿ "ಚಿಯರ್ಸ್" ಅನ್ನುತ್ತಾರಂತೆ.

ಈಗ ಅವನು ಮೇಲೆ ಬಾಟಲಿ ಒಯ್ಯುವುದಿಲ್ಲ. ಬಾಟಲಿ ಬೇಕಾಗಬಾರದೆಂದು ನೀರನ್ನೇ ಕುಡಿಯುವುದಿಲ್ಲ. ಗಾಜಿನ ಗೂಡು, ಬಿಸಿಲು, ಬೆಳಿಗ್ಗೆಯಿಂದ ಸಂಜೆವರೆಗೆ. ನಾನು ನರ್ಸ್ ಆಗಿದ್ದವಳು, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತು. ಇಷ್ಟಾದರೂ ಅವನು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಆಡಿಲ್ಲ. ಒಳ್ಳೆಯದನ್ನೂ ಆಡಿಲ್ಲ.

ಕ್ರೇನ್ ಇಳಿಸಿದ ಮೇಲೆ ರಿಜಿಸ್ಟರ್ ಮದುವೆ. ಆಮೇಲೆ ಇಬ್ಬರೂ ಬೇರೆ ಊರಿನ ಬೇರೆ ಟವರಿಗೆ. ನಿಮ್ಮನ್ನು ಕರೆಯುವುದೋ ಬೇಡವೋ ಎಂಬುದಕ್ಕೆ ಮಗಳು ಒಂದೇ ಮಾತು ಹೇಳಿದ್ದಾಳೆ: "ಎಲ್ಲಿ ಓದಿಸಿದರೋ ಅಲ್ಲೇ ಬಂದು, ಯಾರು ಕೇಳಿದರೋ ಅವರಿಗೇ ಹೇಳಲಿ, ತಪ್ಪು ನೋಡಿದೆ ಅಂತ. ಮನೆಯೊಳಗೆ ನನ್ನ ಹತ್ರ ಗೊಣಗಿದರೆ ಆಗಲ್ಲ."

ಸೂಜಿ

3-10-2017

ಭಾವ,

ಉತ್ತರವಿಲ್ಲ. ಕೈಗೆ ಏನಾದರೂ ಆಗಿದ್ದರೆ ಎಡಗೈಯಲ್ಲಿ ಬರೆಯಿರಿ.

ನಾನು ಹೆದರಿದ್ದೇ ಆಯಿತು. ಅವನಿಗೆ ಮೂತ್ರಪಿಂಡದಲ್ಲಿ ಕಲ್ಲು. ನೋವು ಹಿಡಿದದ್ದು ಗೂಡಿನಲ್ಲಿ, ಕೊಕ್ಕೆಯಲ್ಲಿ ಕಬ್ಬಿಣದ ಕಟ್ಟು ನೇತಾಡುತ್ತಿದ್ದಾಗ. ಅದನ್ನು ಜಾಗಕ್ಕೆ ಇಳಿಸಿ, ಆಮೇಲೆ ವಾಕಿಟಾಕಿಯಲ್ಲಿ "ನನಗೆ ಇಳಿಯೋಕಾಗಲ್ಲ, ಯಾರಾದ್ರೂ ಬನ್ನಿ" ಅಂದನಂತೆ. ಹಗ್ಗ ಕಟ್ಟಿ ಇಳಿಸಿದ್ದಾರೆ. ಈಗ ಪರವಾಗಿಲ್ಲ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ.

ನಿಮ್ಮ ಬಾಲ್ಕನಿಯಿಂದ ಚೆನ್ನಾಗಿ ಕಂಡಿರಬೇಕು.

ಸೂಜಿ

14-1-2018

ಸೂಜಿ,

ಕಂಡಿತ್ತು.

ಅದನ್ನು ಆಮೇಲೆ ಬರೆಯುತ್ತೇನೆ. ಟವರ್ ಐವತ್ತು ದಾಟಿದೆ. ಕೆಳಗಿನ ಮಹಡಿಗಳಿಗೆ ಗಾಜು ಹಾಕುತ್ತಿದ್ದಾರೆ, ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ನೇರ ನನ್ನ ಹಾಸಿಗೆಗೆ ಬರುತ್ತದೆ. ಸೂರ್ಯನೂ ಈಗ ಅವರ ಕಂಪನಿ ಮೂಲಕವೇ ಬರಬೇಕು. ಹಲ್ಲಿನ ಡಾಕ್ಟರ ಅಡುಗೆಮನೆ ಹುಟ್ಟಿದೆ. ಕಿಟಕಿ ತೆರೆದರೆ ಪಕ್ಕದ ಕಂಬ ಕಾಣುತ್ತದೆಯಂತೆ. ಮನಸ್ಸಿಗೆ ತುಂಬ ಸಮಾಧಾನವಾಯಿತು.

ಆವತ್ತು ಮಧ್ಯಾಹ್ನ ಕ್ರೇನ್ ನಿಂತೇ ಇತ್ತು. ಏನೋ ಸೋಮಾರಿತನ ಎಂದುಕೊಂಡು ದುರ್ಬೀನು ಹಿಡಿದೆ. ಅವನು ಸೀಟಿನ ಪಕ್ಕ ನೆಲದಲ್ಲಿ ಮಡಚಿಕೊಂಡು ಬಿದ್ದಿದ್ದ. ಇಬ್ಬರು ಏಣಿ ಹತ್ತಿ ಬಂದು ಸೊಂಟಕ್ಕೆ ಹಗ್ಗ ಕಟ್ಟಿದರು. ಕೆಳಗೆ ಒಂದು ಬಿಳಿ ಹೆಲ್ಮೆಟ್ ಏಣಿಯ ಬುಡದಲ್ಲಿ ನಿಂತಿತ್ತು, ಅಷ್ಟು ಹೊತ್ತೂ ಕತ್ತು ಮೇಲೆತ್ತಿಕೊಂಡು. ಯಾರದೆಂದು ನಾನು ಹೇಳಬೇಕಾಗಿಲ್ಲ. ನಿನ್ನಕ್ಕನ ಆಪರೇಷನ್ ಮುಗಿಯುವವರೆಗೂ ನಾನು ಆ ಬಾಗಿಲಿನ ಮುಂದೆ ಹಾಗೇ ನಿಂತಿದ್ದೆ. ದುರ್ಬೀನನ್ನು ಪೆಟ್ಟಿಗೆಗೆ ಹಾಕಿದೆ. ನಿನಗೆ ಬರೆಯಲು ಕೂತೆ, ಆಗಲಿಲ್ಲ. ಕೈ ಚೆನ್ನಾಗಿಯೇ ಇತ್ತು.

ಮೊನ್ನೆ ಗುರುವಾರ ಬೆಳಗಿನ ನಡಿಗೆಗೆಂದು ಹೊರಟವನು ಮೈದಾನ ದಾಟಿ ಆ ಗೇಟಿಗೆ ಹೋದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡಿದ್ದೆ, 'ಇಟ್ ಹ್ಯಾಸ್ ಕಮ್ ಟು ಮೈ ನೋಟೀಸ್' ಎಂದು. ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ತಾತ, ಮನೆ ಬುಕಿಂಗಾ?"

"ಕ್ರೇನಿನವನನ್ನು ನೋಡಬೇಕು."

"ಅವನು ಸಂಜೆಗೇ ಇಳಿಯೋದು. ನೀವ್ಯಾರು?"

ಹೇಳಿದೆ. ಅವನ ಮುಖ ಅರಳಿತು ನೋಡು, ಬಿಟ್ಟಿ ಸಿನಿಮಾ ಸಿಕ್ಕವನ ಹಾಗೆ. "ಓಹೋ, ದೂರಿನ ತಾತ. ತಗೊಳ್ಳಿ, ಇದರಲ್ಲೇ ಮಾತಾಡಿ" ಎಂದು ವಾಕಿಟಾಕಿ ಕೈಗಿಟ್ಟ. "ಎಲ್ಲರಿಗೂ ಕೇಳ್ಸುತ್ತೆ, ಪರವಾಗಿಲ್ವಾ?"

ಪರವಾಗಿಲ್ಲ ಎಂದು ಗೇಟು ದಾಟಿ ನಾಲ್ಕು ಹೆಜ್ಜೆ ಒಳಗೆ ಹೋಗಿ ನಿಂತೆ. ಬಟನ್ ಒತ್ತಿದ ಕೂಡಲೇ ಇಂಗ್ಲಿಷ್ ಎಲ್ಲಿ ಹೋಯಿತೋ. "ನಾನು ಕನ್ನಡಕದ ಅಂಗಡಿಯವನು. ಕ್ರೇನಿನಲ್ಲಿರುವವರು ಹೆಂಡ ಕುಡೀತಾರೆ ಅಂತ ಬರೆದವನು ನಾನೇ. ಬಾಟಲಿಯಲ್ಲಿ ಇದ್ದದ್ದು ಹೆಂಡ ಅಲ್ಲ. ತಪ್ಪು ನೋಡಿದೆ."

ಗರಗರ ಸದ್ದು. ಆಮೇಲೆ ಮೇಲಿನಿಂದ ದನಿ ಬಂತು. ನಾನು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನ ದನಿ.

"ಹೆಂಡ ಅಲ್ಲ ಅಂದ್ರೆ ಮತ್ತೇನು?"

ನೀನು ನಂಬುವುದಿಲ್ಲ, ಕೇಳಿದ. ನಾನು ಅವನಿಗಿಂತ ಎಷ್ಟು ದೊಡ್ಡವನು! "ಯೂರಿನ್" ಎಂದೆ.

"ಕೇಳಿಸ್ಲಿಲ್ಲ. ಎಲ್ರಿಗೂ ಅರ್ಥ ಆಗೋ ಹಾಗೆ ಹೇಳಿ. ಮೊದಲ್ನೇ ಸಲನೂ ನಿಮ್ಮ ಶಬ್ದ ಯಾರಿಗೂ ಅರ್ಥ ಆಗಿರ್ಲಿಲ್ಲ."

ಲ್ಯಾಬಿನ ಬಾಗಿಲಿಗೆ ಮಗಳು ಬಂದು ನಿಂತಿದ್ದಳು. ಅವಳ ಕೈಯಲ್ಲೂ ಒಂದು ವಾಕಿಟಾಕಿ ಇತ್ತು.

"ಉಚ್ಚೆ" ಎಂದೆ.

ಎಲ್ಲೋ ನಲವತ್ತನೆಯ ಮಹಡಿಯಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಕಟ್ಟಡವೇ ನಕ್ಕಿತು ಸೂಜಿ, ಅರ್ಧ ಕಟ್ಟಿದ ಕಟ್ಟಡ, ಕಂಬಕಂಬದಿಂದ.

"ಸರಿ" ಎಂದ ಅವನು, ನಗು ನಿಂತ ಮೇಲೆ. "ಈಗ ಎಡಕ್ಕೆ ಸರೀರಿ. ನಿಮ್ಮ ತಲೆ ಮೇಲೆ ಕಬ್ಬಿಣ ಬರ್ತಾ ಇದೆ."

ಸರಿದೆ. ಮಗಳು ಬಂದು ತನ್ನ ಹೆಲ್ಮೆಟ್ ತೆಗೆದು ನನ್ನ ತಲೆಗೆ ಹಾಕಿದಳು. "ಹೆಲ್ಮೆಟ್ ಇಲ್ದೆ ಒಳಗೆ ಬರಬಾರದು ಅಂತ ಅಷ್ಟು ದೊಡ್ಡ ಬೋರ್ಡಿದೆ. ಓದೋಕೆ ಬರಲ್ವಾ ಅಪ್ಪ?" ಎಂದಳು. ಗೇಟಿನವರೆಗೆ ಬಿಟ್ಟು, ಹೆಲ್ಮೆಟ್ ವಾಪಸ್ ತಗೊಂಡು ಹೋದಳು. ಮನೆಗೆ ಬರುತ್ತೇನೆ ಎಂದು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

ಎಂಥ ದುರಹಂಕಾರಿಯನ್ನು ಹಿಡಿದಿದ್ದಾಳೆ ಗೊತ್ತೇ? ಹಿರಿಯನೊಬ್ಬ ಗೇಟಿನಲ್ಲಿ ನಿಂತಿದ್ದರೆ 'ಇರಲಿ ಬಿಡಿ' ಅನ್ನುವುದಕ್ಕೇನಾಗಿತ್ತು ಅವನಿಗೆ?

ಭಾವ

28-8-2018

ಭಾವ,

ನಿಮ್ಮ ಜನವರಿಯ ಕಾಗದಕ್ಕೆ ಈಗ ಉತ್ತರ. 'ಇರಲಿ ಬಿಡಿ' ಎಂದಿದ್ದರೆ ನೀವು ಮನೆಗೆ ಹೋಗಿ, ಎಂಥ ಪುಕ್ಕಲ ಎಂದು ನನಗೆ ಬರೆಯುತ್ತಿದ್ದಿರಿ.

ಕ್ರೇನ್ ಇಳಿಸಿದರಂತೆ. ಮದುವೆ ಸೆಪ್ಟೆಂಬರ್ 21, ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ನಿಮ್ಮನ್ನು ಕರೆದಿದ್ದಾಳೆಂದು ಅವಳೇ ಬರೆದಿದ್ದಾಳೆ. ಹೋಗಿ. ಒಳ್ಳೆಯ ಅಂಗಿ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಕೂತಿರಿ.

ನನಗೆ ಬರಲಾಗುವುದಿಲ್ಲ. ಮೊಣಕಾಲು. ಸಾಕ್ಷಿಗೆ ಮೂವರು ಸಹಿ ಹಾಕಬೇಕಂತೆ. ಅವನ ಕಡೆಯಿಂದ ಕ್ರೇನಿಗೆ ಕೆಳಗೆ ನಿಂತು ಸನ್ನೆ ತೋರಿಸುವ ಗೆಳೆಯ, ಇವಳ ಕಡೆಯಿಂದ ಲ್ಯಾಬಿನ ಆ ಹುಡುಗಿ ಮತ್ತು ನಾನು ಎಂದಿತ್ತು. ನಾನು ಬರುವುದಿಲ್ಲವೆಂದು ಅವಳಿಗೆ ಆವತ್ತು ಬೆಳಿಗ್ಗೆಯೇ ಸುದ್ದಿ ಮುಟ್ಟಿಸುತ್ತೇನೆ. ಅಲ್ಲಿಯವರೆಗೆ ನೀವೂ ಹೇಳಬೇಡಿ. ಮೊದಲೇ ಹೇಳಿದರೆ ಬೇರೆ ಯಾರನ್ನಾದರೂ ಕರೆದುಬಿಡುತ್ತಾಳೆ.

ಸೂಜಿ

23-9-2018

ಸೂಜಿ,

ನಿನ್ನ ಬೇಜವಾಬ್ದಾರಿಗೆ ಏನು ಹೇಳಲಿ? ಇದ್ದ ಒಬ್ಬ ಅಕ್ಕನ ಒಬ್ಬಳೇ ಮಗಳ ಮದುವೆ, ಅದಕ್ಕೆ ಮೊಣಕಾಲಿನ ನೆಪ. ಮೇ ತಿಂಗಳಲ್ಲಿ ನೀನು ಬೆಟ್ಟ ಹತ್ತಿ ಬಂದೆಯೆಂದು ಮಗಳೇ ಹೇಳಿದಳು. ಬೆಳಿಗ್ಗೆ ಸುದ್ದಿ ತಿಳಿದಾಗ ಅವಳ ಮುಖ ನೋಡಬೇಕಿತ್ತು ನೀನು.

ರಿಜಿಸ್ಟ್ರಾರ್ ಆಫೀಸು ಎಂದರೆ ಒಂದು ಕಾರಿಡಾರು, ಎರಡು ಬೆಂಚು, ಮೂರು ರೆಕ್ಕೆಯ ಫ್ಯಾನು. ನಮ್ಮ ಮುಂದೆ ಯಾರೋ ನಿವೇಶನ ಮಾರುವವರು ಜಗಳವಾಡುತ್ತಿದ್ದರು. ಅವನು ಹೊಸ ಅಂಗಿ ಹಾಕಿದ್ದ, ಮಡಿಕೆ ಇನ್ನೂ ಬಿಟ್ಟಿರಲಿಲ್ಲ, ಅಂಗಡಿಯಿಂದ ನೇರ ಬಂದವನ ಹಾಗಿದ್ದ. ನನಗೆ ತಲೆಯಾಡಿಸಿದ. ನಾನೂ ಆಡಿಸಿದೆ. ನಾನು ಆ ಕಡೆಯ ಬೆಂಚಿನ ತುದಿಯಲ್ಲಿ ನೀನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ಕೂತೆ. ಮಗಳು ಒಂದು ಸಲ ಬಂದು ನನ್ನ ಕಾಲರ್ ಸರಿಮಾಡಿ ಹೋದಳು.

ಹೆಸರು ಕೂಗಿದರು. ಒಳಗೆ ಹೋದರು. ನಾನು ಹೊರಗೇ ಇದ್ದೆ, ಬಾಗಿಲು ತೆರೆದೇ ಇತ್ತು.

"ಇನ್ನೊಬ್ಬ ಸಾಕ್ಷಿ ಎಲ್ಲಿ?" ಎಂದ ಅಧಿಕಾರಿ.

ಮಗಳು ನನ್ನ ಕಡೆ ನೋಡಲಿಲ್ಲ, ಅವನ ಕಡೆ ನೋಡಿದಳು. ಅವಮಾನವಾದದ್ದು ಅವನಿಗೆ, ನನ್ನನ್ನು ಕರೆಯುವುದೋ ಬೇಡವೋ ಅವನೇ ಹೇಳಬೇಕು ಎಂದಿರಬೇಕು ಅವಳ ಮನಸ್ಸಿನಲ್ಲಿ. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

"ಅವರನ್ನೇ ಕರಿ" ಎಂದ ಅವನು. "ನನ್ನ ಬಗ್ಗೆ ಬರೆದು ಸಹಿ ಹಾಕೋದು ಅವರಿಗೆ ರೂಢಿ ಇದೆ."

ಸನ್ನೆಯವನು ನಕ್ಕ. ನಾನು ಒಳಗೆ ಹೋದೆ. ಅಧಿಕಾರಿ ಪುಸ್ತಕ ನನ್ನ ಕಡೆ ತಿರುಗಿಸಿ, ತಲೆ ಎತ್ತದೆ ಕೇಳಿದ: "ಇಬ್ರೂ ನಿಮಗೆ ಖುದ್ದಾಗಿ ಗೊತ್ತಾ? ಗೊತ್ತಿಲ್ದೆ ಸಹಿ ಹಾಕಂಗಿಲ್ಲ."

"ಇವಳು ನನ್ನ ಮಗಳು" ಎಂದೆ.

"ಇವರು?"

ಅವನನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕತ್ತು ಅಷ್ಟೇನೂ ದಪ್ಪವಿಲ್ಲ. ಎಡಗಣ್ಣಿನ ಕೆಳಗೆ ಬಿಸಿಲಿಗೆ ಸುಟ್ಟ ಕಲೆ. ನಾನು ಏನು ಹೇಳುತ್ತೇನೋ ಎಂದು ಅವನೂ ನೋಡುತ್ತಿದ್ದ, ಕಣ್ಣು ಕೀಳದೆ. ಮಗಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

"ಗೊತ್ತು" ಎಂದೆ. "ಒರಟ."

ಅಧಿಕಾರಿ ಆಗ ತಲೆ ಎತ್ತಿದ. ಏನು ಮಾಡಬೇಕೋ ತಿಳಿಯದೆ ಅವನ ಮುಖ ನೋಡಿದ.

"ಬರ್ಕೊಳ್ಳಿ ಸಾರ್" ಎಂದ ನಿನ್ನ ಗೂಡಿನವನು. "ಸರಿಯಾಗಿ ಗೊತ್ತು ಇವರಿಗೆ."

ಸಹಿ ಹಾಕಿದೆ.

ನಿನ್ನ ಭಾವ